ಕೆಳಗಿಟ್ಟ ಬಟ್ಟಲು

"ಆ ಕುರ್ಚಿ ಮೇಲೆ ಕುಂಡೆ ಊರು ಅಂದ ಮಾತ್ರಕ್ಕೆ ಅದು ನಿಂದಾಗೋಯ್ತು ಅನ್ಕೋಬೇಡ ಕಣೇ. ಇವತ್ತು ಬರೋ ಫಾರಿನ್ನೋರು ವಾಪಸ್ ಕಾರು ಹತ್ತೋ ತನಕ ಅಷ್ಟೇ. ಆಮೇಲೆ ಎದ್ದು ನಿನ್ನ ಮೂಲೆಗೆ ನಡೀ," ಅಂದ ಅಬು ನವ್ವಾಫ್.

ರುದೈನಾ ಆ ಕುರ್ಚಿಯತ್ತ ನೋಡಿದಳು. ಇರ್ಬಿದ್ ಊರಿನ ಯೂನಿವರ್ಸಿಟಿ ರಸ್ತೆಯಲ್ಲಿ, ಷವರ್ಮಾ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಈ ಕಂಪನಿಯ ಯಜಮಾನ ಅವನು. ಆಸ್ಪತ್ರೆಗಳಲ್ಲಿ ರೋಗಿಗಳ ಸರದಿ ನೋಡಿಕೊಳ್ಳುವ ಪ್ರೋಗ್ರಾಂ ಇಲ್ಲಿ ತಯಾರಾಗುತ್ತದೆ. ಅದನ್ನು ಮೊದಲ ಸಾಲಿನಿಂದ ಬರೆದವಳು ರುದೈನಾ. ಕೆಟ್ಟಾಗ ಸರಿಮಾಡುವವಳೂ ಅವಳೇ, ಹೊಸ ಹುಡುಗಿಯರಿಗೆ ಕೈಹಿಡಿದು ಕಲಿಸುವವಳೂ ಅವಳೇ. ತಂಡದ ಮುಖ್ಯಸ್ಥ ಕೆಲಸ ಬಿಟ್ಟು ದುಬೈಗೆ ಹಾರಿದ ದಿನ ಅಬು ನವ್ವಾಫ್ ತನ್ನ ಮೀಸೆ ಹಿಡಿದು, "ಆ ಜಾಗ ನಿನಗೇ" ಅಂದಿದ್ದ. ಮೀಸೆ ಹಿಡಿದು ಆಡಿದ ಮಾತಿಗೆ ಅಲ್ಲಿ ಯಾರೂ ತಪ್ಪುವುದಿಲ್ಲ. ತನ್ನಂಥ ನಿರಾಶ್ರಿತರ ಕ್ಯಾಂಪಿನ ಹುಡುಗಿಗೆ ಆಡಿದ್ದಾದರೆ ತಪ್ಪಬಹುದು ಅನ್ನುವುದು ಅವಳಿಗೆ ಇವತ್ತು ತಿಳಿಯಿತು.

"ಹಂಗಾದ್ರೆ ಆ ಜಾಗ ಯಾರಿಗೆ?"

"ಮುಹನ್ನದ್‌ಗೆ. ನಮ್ಮಣ್ಣನ ಮಗನಿಗೆ."

"ಅವನಿಗೆ ಕೆಲಸ ಕಲಿಸಿದ್ದೇ ನಾನು. ಹೋದ ತಿಂಗಳು ಅವನು ಕೈಯಾಡಿಸಿ ಕೆಡಿಸಿದ್ದಕ್ಕೆ ಹೆರಿಗೆ ಆಸ್ಪತ್ರೇಲಿ ಬಸುರೀರು ಮೆಟ್ಲ ಮೇಲೆ ಕೂತಿದ್ರು. ರಿಪೇರಿ ಮಾಡ್ದೋಳು ಯಾರು?"

"ಕಲಿಸಿದೋರೆಲ್ಲ ಧಣಿ ಆಗ್ತಾರೇನೇ? ನಮ್ಮವ್ವಾನೂ ನಂಗೆ ನಡೆಯೋದು ಕಲಿಸಿದ್ಲು. ನಾಳೆ ಮದುವೆ ಆಗ್ತೀಯ, ಹೊಟ್ಟೆ ಮುಂದೆ ಮಾಡ್ಕೊಂಡು ಬರ್ತೀಯ. ನಿಮ್ಮಜ್ಜಿ ಡೇರೇಲಿ ಹೆತ್ತಳು, ನಿಂಗೆ ಗಾಜಿನ ರೂಮು ಬೇಕಾ?"

ಬಾಗಿಲಿಗೆ ಒರಗಿ ನಿಂತಿದ್ದ ಮುಹನ್ನದ್ ಕಿಸಕ್ಕನೆ ನಕ್ಕ. "ಆ ಬೂದಿ ಬಣ್ಣದ ತಲೆವಸ್ತ್ರ ಬಿಚ್ಚಾಕಿ ಬೇರೆ ಕಟ್ಕೋ ರುದೈನಾ. ಫೋಟೋದಲ್ಲಿ ಸೂತಕದ ಮನೆ ಥರ ಕಾಣುತ್ತೆ."

"ಇನ್ನೊಂದು," ಅಂದ ಅಬು ನವ್ವಾಫ್. "ಇಂಗ್ಲಿಷಲ್ಲಿ ಬಾಯಿ ಬಿಟ್ಟೀಯ, ಹುಷಾರ್. ಹೇಳಿಕೊಟ್ಟ ನಾಕು ಮಾತು ಅರಬ್ಬೀಲಿ ಹೇಳು. ಮಿಕ್ಕಿದ್ದು ರಾಜಧಾನಿ ಅಮ್ಮಾನಿಂದ ಬರೋ ಮೇಡಂ ನೋಡ್ಕೋತಾರೆ."

ಹೆಂಗಸರು ನಡೆಸುವ ಕಂಪನಿಗಳಿಗೆ ಮಾತ್ರ ಕೆಲಸ ಕೊಡುವ ಯಾವುದೋ ಹೊರದೇಶದ ಸಂಸ್ಥೆ. ಅದರಿಂದ ಒಬ್ಬ ನರೆಗೂದಲಿನವನು, ಒಬ್ಬ ಎಳೆ ಹೆಂಗಸು ಮಧ್ಯಾಹ್ನಕ್ಕೆ ಮುಂಚೆ ಬಂದಿಳಿದರು. ಜೊತೆಗೆ ಅಮ್ಮಾನಿನ ಲುಬಾಬಾ, ಹೆಂಗಸರ ಏಳಿಗೆಯ ಬಗ್ಗೆ ಊರೂರಲ್ಲಿ ಭಾಷಣ ಮಾಡುವವಳು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ತಿಳಿಸುವುದು ಅವಳ ಹೊಣೆ. ಕಂಪನಿ ನಡೆಸುವವಳು ಅವಳೇ ಅನ್ನುವಂತೆ ರುದೈನಾಳನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಹುಡುಗಿಯರನ್ನು ಗೋಡೆಗುಂಟ ನಿಲ್ಲಿಸಿದರು. ಮುಹನ್ನದ್ ಅವಳ ಸಹಾಯಕನಂತೆ ಪಕ್ಕದಲ್ಲಿ ತಲೆ ತಗ್ಗಿಸಿ ಕೂತ. ಆ ವಿನಯ ನೋಡಿ ಹುಡುಗಿಯರಿಗೆ ಮೈಯೆಲ್ಲ ಉರಿಯಿತು.

ಕಾಫಿ ಕಾಯಿಸುವ ಉಮ್ ರಜಾ ಹಿತ್ತಾಳೆಯ ಪಾತ್ರೆ ಹಿಡಿದು ಬಂದಳು. ಅತಿಥಿಗಳಿಗೆ ಸುರಿದಳು, ಯಜಮಾನನಿಗೆ ಸುರಿದಳು, ಆಮೇಲೆ ರುದೈನಾಳ ಬಟ್ಟಲಿಗೆ. ರುದೈನಾ ಅದನ್ನು ತುಟಿಗೊಯ್ಯಲಿಲ್ಲ. ಬಗ್ಗಿ ಕಾಲ ಬಳಿ ನೆಲದ ಮೇಲಿಟ್ಟಳು.

ಉಮ್ ರಜಾ ಪಾತ್ರೆ ಹಿಡಿದು ಅಲ್ಲೇ ನಿಂತಳು. ಅವಳ ತಮ್ಮನನ್ನು ಕೊಂದವರ ಕಡೆಯ ಹಿರಿಯರು ರಾಜಿಗೆ ಬಂದು ಹೀಗೇ ಬಟ್ಟಲು ಕೆಳಗಿಟ್ಟು ಕೂತಿದ್ದರು. ಮನೆಯ ಯಜಮಾನ "ಕುಡೀರಿ" ಅನ್ನುವವರೆಗೂ ಮುಟ್ಟುವಂತಿಲ್ಲ. ಹಾಗೆ ಅಂದುಬಿಟ್ಟರೆ ಕೇಳಿದ್ದನ್ನು ಕೊಟ್ಟ ಹಾಗೆ, ಕೊಟ್ಟ ಮೇಲೆ ಹಿಂದೆಗೆಯುವ ಹಾಗಿಲ್ಲ. ಅವಳ ಅಪ್ಪ "ಕುಡೀರಿ" ಅಂದುಬಿಟ್ಟಿದ್ದ. ಸತ್ತವನನ್ನು ಹೆತ್ತ ತಾಯಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅದು ಗಂಡಸರ ಪದ್ಧತಿ, ಹೆಂಗಸರು ಪರದೆಯ ಸಂದಿಯಿಂದ ಕಂಡದ್ದಷ್ಟೆ.

ಎಳೆ ಹೆಂಗಸು ನಗುತ್ತ ಇಂಗ್ಲಿಷಿನಲ್ಲಿ ಕೇಳಿದಳು, "ಇವರು ಯಾಕೆ ಕುಡಿಯುತ್ತಿಲ್ಲ?"

ಲುಬಾಬಾಗೆ ಎಲ್ಲ ಗೊತ್ತಿತ್ತು. ಅವಳು ಒಮ್ಮೆ ನೆಲದ ಮೇಲಿನ ಬಟ್ಟಲು ನೋಡಿದಳು, ಒಮ್ಮೆ ಅಬು ನವ್ವಾಫನ ಮುಖ ನೋಡಿದಳು. "ಹೊಟ್ಟೆ ಸರಿಯಿಲ್ಲವಂತೆ," ಅಂದಳು.

"ನನ್ನ ಹೊಟ್ಟೆ ನೆಟ್ಟಗಿದೆ," ಅಂದಳು ರುದೈನಾ, ಇಂಗ್ಲಿಷಿನಲ್ಲೇ.

ಅಬು ನವ್ವಾಫ್ ಮುಖದ ಮೇಲಿನ ನಗು ಕಳಚದಂತೆ ಹಲ್ಲು ಕಡಿಯುತ್ತ ಅರಬ್ಬಿಯಲ್ಲಿ ಅಂದ. "ಏನೇ ಇದು ಬೇವರ್ಸಿ ನಾಟಕ? ಬಟ್ಟಲು ಕೆಳಗಿಡೋದು ಮನೆಗೆ ಬಂದ ಅತಿಥಿ. ನೀನು ಯಜಮಾನಿ ಕುರ್ಚೀಲಿ ಕೂತಿದೀಯ."

"ಈ ಕುರ್ಚಿಗೆ ನಾನು ಅತಿಥೀನೇ ಅಲ್ವಾ? ಕೇಳ್ತಿದೀನಿ ಸಾಹೇಬ್ರೆ. ಬಾಯಾರೆ ಆಡಿದ ಜಾಗ ಕೊಡಿ, ಕುಡೀತೀನಿ."

"ಕುಡೀ..." ಅಂತ ಗದರಲು ಹೋದವನು ನಾಲಿಗೆ ಕಚ್ಚಿಕೊಂಡ. ಇಷ್ಟು ಜನರ ಮುಂದೆ ಆ ಮಾತು ಬಾಯಿಂದ ಜಾರಿದರೆ ಮುಗಿದೇಹೋಯಿತು. ಅವನ ಕುತ್ತಿಗೆ ಕೆಂಪೇರಿತು.

ಗೋಡೆಗುಂಟ ನಿಂತಿದ್ದ ಹುಡುಗಿಯರಿಗೆ ಯಾರೂ ಕಾಫಿ ಕೊಡು ಅಂದಿರಲಿಲ್ಲ. ಉಮ್ ರಜಾ ತಾನಾಗಿಯೇ ಅವರತ್ತ ನಡೆದಳು. ಒಬ್ಬೊಬ್ಬರಿಗೂ ಸುರಿದಳು, ಒಬ್ಬೊಬ್ಬರೂ ಬಗ್ಗಿ ನೆಲಕ್ಕಿಟ್ಟರು. ಕೊನೆಗೆ ತನಗೊಂದು ಸುರಿದುಕೊಂಡು, ಮಂಡಿ ಹಿಡಿದು ಕೂತು, ಅದನ್ನೂ ಕೆಳಗಿಟ್ಟಳು. ನರೆಗೂದಲಿನವನು ಇದು ಇಲ್ಲಿಯ ಮರ್ಯಾದೆ ಇರಬೇಕೆಂದು ತನ್ನ ಬಟ್ಟಲನ್ನೂ ಭಕ್ತಿಯಿಂದ ಕೆಳಗಿಟ್ಟ. ಮುಹನ್ನದ್ ಮಾತ್ರ ಸೊರ್ರೆಂದು ಎಳೆದು ಕುಡಿದ.

ಅಬು ನವ್ವಾಫ್ ಎದ್ದು ಬಂದು, ಕುರ್ಚಿ ಸರಿಮಾಡುವ ನೆಪದಲ್ಲಿ ರುದೈನಾಳ ಕಿವಿಗೆ ಬಗ್ಗಿದ. "ನಾಳೆ ಬೆಳಿಗ್ಗೆ ನೀನು ಕ್ಯಾಂಪಿನ ಗಟಾರದಲ್ಲಿರ್ತೀಯ, ಲೌಡಿ. ಈ ಊರಲ್ಲಿ ಯಾವ ನನ್ಮಗನೂ ನಿಂಗೆ ಕೆಲಸ ಕೊಡದ ಹಂಗೆ ಮಾಡ್ತೀನಿ."

ರುದೈನಾ ಎದ್ದು ನಿಂತಳು. ಆ ಮಾತು ಇನ್ನೊಂದು ಬದಿಗೆ ಕೂತಿದ್ದ ಲುಬಾಬಾಗೂ ಕೇಳಿಸಿತ್ತು. ಅವನು ಕಿವಿಯಲ್ಲಿ ಹೇಳಿದ್ದನ್ನು ಗಟಾರದಿಂದ ಹಿಡಿದು ಕೊನೆಯ ಮಾತಿನವರೆಗೆ, ಬೈಗುಳವನ್ನೂ ಬಿಡದೆ, ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಎಳೆ ಹೆಂಗಸಿನ ಮುಖದ ನಗು ಇಳಿದುಹೋಯಿತು. ಏನಾದರೂ ಹೇಳಿ ಮುಚ್ಚಿಹಾಕಲಿ ಎಂಬಂತೆ ಅಬು ನವ್ವಾಫ್ ಲುಬಾಬಾಳ ಕಡೆ ನೋಡಿದ.

ರುದೈನಾಳೂ ಅವಳ ಕಡೆಗೇ ತಿರುಗಿದಳು.

"ಸರಿಯಾಗಿ ಹೇಳ್ದೆನಾ ಮೇಡಂ? ಏನಾದ್ರೂ ಬಿಟ್ಟಿದ್ರೆ ನೀವು ಹೇಳಿ."