ಇಂಗಳೇಶ್ವರದ ದಾರಿಯ ಸಮುದ್ರ

ಸಮುದ್ರ ಅಂದರೆ ನನಗೆ ಎದೆ ನಡುಗುತ್ತದೆ. ಹಾಗಂತ ಅದನ್ನು ನೋಡಿದವಳೇನೂ ಅಲ್ಲ. ಆದರೆ ಮನೆಯಲ್ಲಿ ಎರಡು ವರ್ಷದ ಅವಳಿ ಗಂಡುಮಕ್ಕಳಿದ್ದು, ಒಂದನ್ನು ಹಿಡಿದರೆ ಇನ್ನೊಂದು ಓಡುವಂಥವಾಗಿದ್ದರೆ, ಬಕೆಟ್ಟಿನ ನೀರು ಕಂಡರೂ ಜೀವ ಹಾರುತ್ತದೆ. ಅಂಥದ್ದರಲ್ಲಿ ನಮ್ಮ ಮನೆಯವರು ಬೀಚ್ ರಿಸಾರ್ಟ್ ಬುಕ್ ಮಾಡಿ ಬಂದರು. ಅದೂ ಲಗ್ಜುರಿ.

"ಕೂಸುಗಳನ್ನ ಕರಕೊಂಡು ಸಮುದ್ರಕ್ಕ ಹೋಗೂದಂದ್ರ ಏನಂತ ತಿಳದೀರಿ? ಒಂದು ತೆರಿ ಬಂದ್ರ ಮುಗೀತು!" ಎಂದು ಜಗಳ ತೆಗೆದೆ.

"ಸಣ್ಣ ಮಕ್ಕಳಿಗಂತನ ಮಾಡ್ಯಾರಂತ. ಭಾಳ ಸೇಫ್ ಐತಂತ," ಎಂದರು.

ನಾನು ನಂಬಲಿಲ್ಲ. ಇಬ್ಬರಿಗೂ ಗಾಳಿ ತುಂಬುವ ಜಾಕೀಟು ತಂದೆ. ನಡೆದರೆ ಪೀಂ ಪೀಂ ಎನ್ನುವ ಬೂಟು ಹಾಕಿದೆ. ಮಕ್ಕಳ ಹೆಸರು ಅಮಸಿದ್ದ ಮತ್ತು ಮಾಳಿಂಗ. ದೇವರ ಹೆಸರೇ ಆಗಬೇಕೆಂದು ಹಟ ಹಿಡಿದು ಇಟ್ಟವರು ನಮ್ಮ ಅತ್ತೆ ಶೇವಂತೆವ್ವ. ಹೆಸರು ದೇವರದು, ಗುಣ ಮಾತ್ರ ಅಪ್ಪನದು.

ಅತ್ತೆಯನ್ನೂ ಕೂರಿಸಿಕೊಂಡು ಇಂಡಿಯಿಂದ ಹೊರಟ ಕಾರು ಗೋವಾಕ್ಕೋ ಕಾರವಾರಕ್ಕೋ ಹೋಗುತ್ತದೆ ಎಂದುಕೊಂಡಿದ್ದೆ. ಬಸವನ ಬಾಗೇವಾಡಿ ಹತ್ತಿರ ಬಂತು ಅನ್ನುವಷ್ಟರಲ್ಲಿ ಅದು ಇಂಗಳೇಶ್ವರದ ದಾರಿಗೆ ಹೊರಳಿ, ಬಿಳಿಜೋಳದ ಹೊಲಗಳ ನಡುವೆ ದೊಡ್ಡದೊಂದು ಕಮಾನಿನೊಳಗೆ ನುಗ್ಗಿತು. ಮ್ಯಾನೇಜರ್ ಶ್ರೀಶೈಲ ಕವಡೆಯ ಸರ ಹಾಕಿ ಬರಮಾಡಿಕೊಂಡ. ಒಳಗೆ ಬೆಳ್ಳನೆಯ ಉಸುಕು, ಬಣ್ಣದ ಛತ್ರಿ, ಒರಗುವ ಕುರ್ಚಿ, ಉಪ್ಪುನೀರು ತೊಳೆದುಕೊಳ್ಳಲು ಷವರ್. ಉಸುಕು ಮುಗಿದಲ್ಲಿ ಕೆಂಪು ಬಾವುಟ ಕಟ್ಟಿದ ಹಗ್ಗ. ಹಗ್ಗದ ಆಚೆ ಮತ್ತೆ ಜೋಳ, ಆಳೆತ್ತರ ದಾಟಿದ್ದು.

"ಸಮುದ್ರ ಎಲ್ರಿ?" ಎಂದೆ.

"ಎರಡನೇ ಹಂತದಾಗ ಬರತೈತ್ರಿ ಮೇಡಂ. ಉಳದ ಸೌಲಭ್ಯ ಎಲ್ಲಾ ರೆಡಿ ಅದಾವ್ರಿ," ಎಂದ ಶ್ರೀಶೈಲ, ಸಂಕೋಚವೇ ಇಲ್ಲದೆ. "ಸಣ್ಣ ಮಕ್ಕಳಿಗೆ ಇಷ್ಟು ಸೇಫ್ ಬೀಚ್ ಇಡೀ ದೇಶದಾಗ ಇಲ್ರಿ. ಇಲ್ಲಿ ಒಂದು ಕೂಸರ ಮುಳುಗಿದ್ದು ತೋರಸ್ರಿ ನೋಡೂಣು."

ನನಗೆ ಸಿಟ್ಟು ನೆತ್ತಿಗೇರಿತು. ಗಂಡನ ಮುಖ ನೋಡಿದೆ. ಅವರು ಛತ್ರಿಯ ಬಣ್ಣ ನೋಡುತ್ತಿದ್ದರು. ಅತ್ತೆಯಾದರೂ ಮಗನಿಗೆ ಬೈಯಲಿ ಎಂದು ತಿರುಗಿದರೆ ಅವರು ಆಗಲೇ ಕುರ್ಚಿಯ ಮೇಲೆ ಕಾಲು ಚಾಚಿದ್ದರು.

"ಯಾಕ ಒದರ್ತೀ ಭುವನಿ? ಸಮುದ್ರ ಇದ್ದಿದ್ರ ಕೂಸುಗಳ ಚಿಂತಿ ಇರ್ತಿತ್ತು. ಇಲ್ಲ, ಛಲೋನ ಆತು. ಅವುಗಳ ಕೈ ಬಿಟ್ಟು ಸುಮ್ಮ ಕುಂಡ್ರು," ಎಂದರು.

ಹಗ್ಗದ ಪಕ್ಕ ಎತ್ತರದ ಕುರ್ಚಿಯ ಮೇಲೆ ಹಳದಿ ಬನಿಯನ್ನಿನ ಜೀವರಕ್ಷಕನೊಬ್ಬ ಕೂತಿದ್ದ. ಮುದ್ದೇಬಿಹಾಳದವನು, ಹೆಸರು ಜಾಹಿದ. ಕೊರಳಲ್ಲಿ ಸೀಟಿ, ತೊಡೆಯ ಮೇಲೆ ರಬ್ಬರ್ ಟ್ಯೂಬು, ಕಣ್ಣಿಗೆ ದುರ್ಬೀನು. ಜೋಳವನ್ನೇ ದಿಟ್ಟಿಸುತ್ತಿದ್ದ. ನನ್ನ ಸಿಟ್ಟು ಯಾರ ಮೇಲಾದರೂ ತೀರಬೇಕಲ್ಲ, ಅವನ ಹತ್ತಿರ ಹೋದೆ.

"ಏನ್ ಕಾಯಾಕತ್ತೀಯೋ ತಮ್ಮಾ?"

"ಸಮುದ್ರರೀ ಅಕ್ಕಾರ."

"ಅದು ಜೋಳ ಅಲ್ಲೇನೋ?"

"ಜೋಳ ಕಾಯಾಕ ಬ್ಯಾರೆ ಮನಷಾ ಅದಾನ್ರಿ. ನನ್ನನ್ನ ಇಟ್ಟಿದ್ದು ಸಮುದ್ರ ಕಾಯಾಕ," ಎಂದ ಜಾಹಿದ, ದುರ್ಬೀನು ಇಳಿಸದೆ. "ಯಾರರ ಮುಳುಗಿದ್ರ ಅಷ್ಟ ಕುರ್ಚಿ ಇಳೀಬೇಕಂತ ರೂಲ್ ಐತ್ರಿ. ಹೋದ ವಾರ ಒಬ್ರ ಚೆಂಡು ತರಾಕಂತ ಇಳದು ಬೈಸಿಕೊಂಡೇನಿ. ಇನ್ನೊಮ್ಮೆ ಇಳದ್ರ ಕೆಲಸದಿಂದ ತಗೀತಾರ."

"ಸಮುದ್ರಾನೂ ಇಲ್ಲ, ಗಿಮುದ್ರಾನೂ ಇಲ್ಲ! ಎಲ್ಲಾರೂ ಕೂಡಿ ಮಂದಿಗೆ ಟೋಪಿ ಹಾಕಾಕತ್ತೀರಿ!" ಎಂದು ಇಡೀ ಬೀಚಿಗೆ ಕೇಳುವಂತೆ ಒದರಿ ಬಂದೆ. ಸಿಂದಗಿಯಿಂದ ಬಂದಿದ್ದ ಒಂದು ಕುಟುಂಬ ಮೈಗೆ ಬಿಸಿಲಿನ ಕ್ರೀಮು ಹಚ್ಚಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ಮಿಕಿಮಿಕಿ ನೋಡಿತು.

ಬೈದು ಮುಗಿದ ಮೇಲೆ ಅತ್ತೆಯ ಮಾತು ಖರೆ ಅನಿಸಿತು. ಮಕ್ಕಳ ಜಾಕೀಟು ಬಿಚ್ಚಿದೆ. ಅವು ಹುಟ್ಟಿದ ಮೇಲೆ ಮೊದಲ ಸಲ ಎರಡೂ ಕೈ ಖಾಲಿ ಬಿಟ್ಟುಕೊಂಡು ಕುರ್ಚಿಗೆ ಒರಗಿದೆ. ಆಹಾ, ಎಂಥ ಸುಖ! ಅತ್ತೆ ಗೊರಕೆ ಹೊಡೆಯುತ್ತಿದ್ದರು. ನಮ್ಮ ಮನೆಯವರು ಎಳನೀರು ಹೀರುತ್ತಿದ್ದರು. ಉಸುಕಿನಲ್ಲಿ ಪೀಂ ಪೀಂ ಕೇಳುತ್ತಿತ್ತು. ನನ್ನ ಕಣ್ಣು ಮುಚ್ಚಿಕೊಂಡವು.

ಕಣ್ಣು ತೆರೆದಾಗ ಮಾಳಿಂಗ ಉಸುಕು ತಿನ್ನುತ್ತಿದ್ದ. ಅಮಸಿದ್ದ ಇರಲಿಲ್ಲ.

ಹಗ್ಗದ ಬಾವುಟಗಳು ಅಲುಗುತ್ತಿದ್ದವು. ಜೋಳದ ಒಳಗೆಲ್ಲೋ ಪೀಂ ಎಂದಿತು. ಮತ್ತೊಮ್ಮೆ, ಇನ್ನಷ್ಟು ದೂರದಲ್ಲಿ, ಪೀಂ. ಆಮೇಲೆ ಸದ್ದೇ ಇಲ್ಲ.

"ಅಯ್ಯಯ್ಯ, ನನ್ನ ಕೂಸು!" ಎಂದು ಎದ್ದು ಓಡಿದೆ. ಅತ್ತೆ ದಡಬಡಿಸಿ ಎದ್ದವರೇ ಶ್ರೀಶೈಲನ ತೋಳು ಹಿಡಿದು, "ಹೊಲದಾಗ ಬಾವಿ ಐತೇನೋ?" ಎಂದರು.

"ನಟ್ಟನಡುವ ಐತ್ರಿ," ಎಂದ ಅವನು. ಮುಖ ಬಿಳಿಚಿಕೊಂಡಿತ್ತು. "ಸುತ್ತ ಕಟ್ಟಿ ಇನ್ನಾ ಕಟ್ಟಿಸಿಲ್ರಿ."

ನಾನು ಹಗ್ಗ ದಾಟಿ ನುಗ್ಗಿದೆ. ಮುಂದೆ ಜೋಳ, ಹಿಂದೆ ಜೋಳ, ತಲೆಯ ಮೇಲೆ ತೆನೆ. ಎಲೆ ಮುಖ ಗೀರಿತು. ಬಲಕ್ಕೆ ಸರಸರ ಎಂದಿತೆಂದು ಓಡಿದರೆ ಅಲ್ಲಿ ನಮ್ಮ ಮನೆಯವರು. ಎಡಕ್ಕೆ ಸರಸರ ಎಂದಲ್ಲಿ ಶ್ರೀಶೈಲ. ಮೂವರೂ ಒಬ್ಬರನ್ನೊಬ್ಬರು ಹುಡುಕುತ್ತಿದ್ದೆವು, ಕೂಸನ್ನಲ್ಲ. ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬಂದು ಬಿದ್ದೆ. ತಲೆ ಎತ್ತಿದರೆ ಆ ಎತ್ತರದ ಕುರ್ಚಿ, ಅದರ ಮೇಲೆ ಜಾಹಿದ.

"ನಿನಗ ಮ್ಯಾಲಿಂದ ಎಲ್ಲಾ ಕಾಣತೈತಲ್ಲೋ! ಇಳಿಯೋ ತಮ್ಮಾ! ನನ್ನ ಮಗ ಜೋಳದಾಗ ಹೋಗ್ಯಾನ!"

ಅವನ ಕಣ್ಣಲ್ಲಿ ನೀರಿತ್ತು. ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. "ಜೋಳದಾಗಂದ್ರ ನಾ ಹ್ಯಾಂಗ ಇಳೀಲ್ರಿ ಅಕ್ಕಾರ? ಜೋಳದವನ ಫೋನ್ ಹತ್ತವಲ್ದು. ಸಮುದ್ರ ಇಲ್ಲಂತ ಎಲ್ಲಾರ ಮುಂದ ನೀವ ಅಂದೀರಿ."

ಹಾಳಾಗಿ ಹೋಗಲಿ ನನ್ನ ಬಾಯಿ. "ಐತಿ!" ಎಂದು ಕಿರುಚಿದೆ. "ಸಮುದ್ರ ಐತೋ ನಮ್ಮಪ್ಪಾ! ಇದ ಸಮುದ್ರ!"

"ಎಲ್ಲಾರಿಗೂ ಕೇಳೂಹಂಗ ಅನ್ರಿ."

"ನನ್ನ ಮಗ ಸಮುದ್ರದಾಗ ಮುಳುಗ್ಯಾನೋ!"

ಅತ್ತೆಯೂ ಎದೆ ಬಡಿದುಕೊಂಡು ಹಾಗೆಯೇ ಕೂಗಿದರು. ಸಿಂದಗಿಯವರೂ ಕೂಗಿದರು.

ಜಾಹಿದ ಎದ್ದು ನಿಂತು ಸೀಟಿ ಊದಿದ. "ಎಲ್ಲಾರೂ ನೀರಿನಿಂದ ಹೊರಗ ಬರ್ರಿ!" ಎಂದು ಗುಡುಗಿದ. ನಮ್ಮ ಮನೆಯವರು ಮತ್ತು ಶ್ರೀಶೈಲ ಮರುಮಾತಿಲ್ಲದೆ ಜೋಳದಿಂದ ಹೊರಬಂದರು. ನಮ್ಮ ಮನೆಯವರು ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡಿದ್ದರು. ಗಾಳಿ ಇರಲಿಲ್ಲ, ಹೊಲ ಗಪ್ಪಾಯಿತು. ಆಗ ನಟ್ಟನಡುವೆ ಒಂದೇ ಕಡೆ ತೆನೆ ಅಲುಗುವುದು ಜಾಹಿದನಿಗೆ ಕಂಡಿತು. ಟ್ಯೂಬು ಹೆಗಲಿಗೇರಿಸಿ ಕುರ್ಚಿಯಿಂದಲೇ ಜೋಳಕ್ಕೆ ಹಾರಿದ. ಎರಡೂ ಕೈಯಿಂದ ದಂಟು ಸೀಳುತ್ತ, ನಡುನಡುವೆ ತಲೆ ಎತ್ತಿ ಉಸಿರು ತೆಗೆದುಕೊಳ್ಳುತ್ತ ಹೋದ. ಸ್ವಲ್ಪ ಹೊತ್ತಿಗೆ ಅವನೂ ಕಾಣದಾದ. ನಾನು ಹಗ್ಗ ಹಿಡಿದು ನಿಂತಿದ್ದೆ. ನೆನೆಯದ ದೇವರಿರಲಿಲ್ಲ.

ಮೊದಲು ಟ್ಯೂಬು ಕಂಡಿತು, ಅದರೊಳಗೆ ಅಮಸಿದ್ದ. ಬಾಯಲ್ಲಿ ಹಸಿ ದಂಟಿನ ತುಂಡು, ಒಂದು ಕಾಲಲ್ಲಿ ಬೂಟಿಲ್ಲ. ಜಾಹಿದ ಅವನನ್ನು ಉಸುಕಿನ ಮೇಲೆ ಮಲಗಿಸಿ ಹೊಟ್ಟೆ ಒತ್ತಿದ. ಮಗ ಕಿಲಕಿಲ ನಕ್ಕ.

"ನೀರು ಕುಡದಿಲ್ರಿ!" ಎಂದು ಜಾಹಿದ ಎಲ್ಲರಿಗೂ ಸಾರಿದ. ಆಮೇಲೆ ನನ್ನ ಕಡೆ ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದ. "ಬಾವಿ ದಂಡಿ ಮ್ಯಾಲ ಕುಂತಿದ್ದ ಅಕ್ಕಾರ. ಕಾಲು ಒಳಗ ಇಳಿಬಿಟ್ಟಿದ್ದ. ಬೂಟು ನೀರಾಗ ತೇಲಾಕತ್ತಿತ್ತು."

ಅಮಸಿದ್ದನ ಕುಂಡಿಗೆ ಒಂದು ಬಾರಿಸಿ, ಎದೆಗವಚಿಕೊಂಡು ಹೋ ಎಂದು ಅತ್ತುಬಿಟ್ಟೆ. ಮಾಳಿಂಗನನ್ನೂ ಎಳೆದು ಇನ್ನೊಂದು ಕಂಕುಳಿಗೆ ಏರಿಸಿದೆ. ಇಬ್ಬರ ಮೈಯೂ ಬೆಚ್ಚಗಿತ್ತು.

ನಮ್ಮ ಮನೆಯವರಿಗೆ ಬಾವಿಯ ಮಾತು ಕೇಳಿಸಿರಲಿಲ್ಲ. "ಒಂದು ಬೂಟು ಅಲ್ಲೇ ಬಿದ್ದಂಗೈತಿ. ತಡಿ, ತರ್ತೇನಿ," ಎಂದು ಹಗ್ಗ ಎತ್ತಿ ಜೋಳದೊಳಗೆ ಕಾಲಿಟ್ಟರು.

ನಾನು ಎರಡೂ ಕೂಸುಗಳನ್ನು ಅವಚಿಕೊಂಡೇ ಹಗ್ಗದ ಕಡೆ ಓಡಿದೆ.

"ರೀ! ಹೊರಗ ಬರ್ರಿ!" ಎಂದು ಕಿರುಚಿದೆ. "ನಿಮಗ ಈಸಾಕ ಬರೂದಿಲ್ಲ!"