ಮೂರೂರು ಕೂಟದ ಹೆಸರು ಕಳುವಾದದ್ದು

"ಮುಂದಿನ ರಾಜ್ಯೋತ್ಸವದೊಳಗೆ ಈ ಹೆಸರನ್ನ ಕೂಟಕ್ಕೆ ವರ್ಗಾಯಿಸ್ತೀನಿ. ಭುವನೇಶ್ವರಿ ಫೋಟೋ ಮುಂದೆ ನಿಂತು ಹೇಳ್ತಿದ್ದೀನಿ, ಇದು ನನ್ನ ಮಾತು."

ನಟರಾಜ್ ಅಂಕಲ್ ಮೈಕು ಹಿಡಿದು ಹೀಗೆ ಮಾತು ಕೊಟ್ಟದ್ದು ೨೦೧೧ರಲ್ಲಿ, ಅಡಿಲೇಡಿನ ಒಂದು ಶಾಲೆಯ ಸಭಾಂಗಣದಲ್ಲಿ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಿನ ಕನ್ನಡಿಗರು ಸೇರಿ ಕಟ್ಟಿಕೊಂಡ 'ಮೂರೂರು ಕನ್ನಡ ಕೂಟ'ಕ್ಕೆ ಒಂದು ವೆಬ್‌ಸೈಟು ಬೇಕೆಂದು ಆಗ ತಾನೇ ತೀರ್ಮಾನವಾಗಿತ್ತು. ಸ್ಥಾಪಕ ಅಧ್ಯಕ್ಷರಾದ ಅಂಕಲ್ ಉತ್ಸಾಹ ತಡೆಯಲಾರದೆ 'ಮೂರೂರು ಕೂಟ ಡಾಟ್ ಆರ್ಗ್' ಎಂಬ ಹೆಸರನ್ನು ತಮ್ಮ ಸ್ವಂತ ಖಾತೆಯಲ್ಲಿ ಕೊಂಡುಬಿಟ್ಟಿದ್ದರು. ತಾತ್ಕಾಲಿಕ ಎಂದರು. ನಮ್ಮ ಸಂಘಗಳಲ್ಲಿ ತಾತ್ಕಾಲಿಕ ಅನ್ನುವುದಕ್ಕೆ ಇರುವ ಆಯಸ್ಸು ಕಾಯಂ ಅನ್ನುವುದಕ್ಕೆ ಇಲ್ಲ. ಪ್ರತಿ ನವೆಂಬರಿನಲ್ಲೂ ಅವರು ಅದೇ ಮಾತು ಕೊಡುತ್ತಿದ್ದರು, ನಾವು ಪ್ರತಿ ನವೆಂಬರಿನಲ್ಲೂ ಚಪ್ಪಾಳೆ ತಟ್ಟುತ್ತಿದ್ದೆವು. ನಾಡಗೀತೆಯ ಹಾಗೆ ಅದೂ ಕಾರ್ಯಕ್ರಮದ ಒಂದು ಅಂಗವಾಗಿತ್ತು.

ನಾನು ವನಜಾ. ಪರ್ತಿನ ಹ್ಯಾರಿಸ್‌ಡೇಲ್‌ನಲ್ಲಿ ವಾಸ, ನಗರದ ಒಂದು ಆಫೀಸಿನಲ್ಲಿ ನೆಟ್‌ವರ್ಕ್ ಕೆಲಸ. ಹಾಗಾಗಿ ಕೂಟದಲ್ಲಿ ಯಾರ ಪ್ರಿಂಟರ್ ಕೆಟ್ಟರೂ ನನಗೇ ಫೋನು. ಗಂಡ ಉತ್ತಮ್ ಗಣಿ ಕಂಪನಿಯಲ್ಲಿ ಭೂವಿಜ್ಞಾನಿ. ಮನೆಯಲ್ಲಿ ಏನಾದರೂ ಹೊತ್ತಿ ಉರಿಯುವಾಗ ಅವರು ತಪ್ಪದೆ ದೂರದ ಗಣಿ ಸೈಟಿನಲ್ಲಿರುತ್ತಾರೆ.

೨೦೧೮ರ ಜನವರಿಯಲ್ಲೂ ಅಲ್ಲೇ ಇದ್ದರು. ಆ ಸೋಮವಾರ ಪರ್ತಿನಲ್ಲಿ ಕಾರಿನ ಸ್ಟೀರಿಂಗ್ ಮುಟ್ಟಲಾಗದಷ್ಟು ಬಿಸಿಲು. ಸಂಕ್ರಾಂತಿಯ ಫೋಟೋ ನೋಡೋಣವೆಂದು ಕೂಟದ ವೆಬ್‌ಸೈಟು ತೆರೆದರೆ ಭುವನೇಶ್ವರಿಯ ಜಾಗದಲ್ಲಿ ಜೂಜಿನ ಯಂತ್ರ ತಿರುಗುತ್ತಿತ್ತು. ಮೂರು ಚೆರ್ರಿ ಸಾಲಾಗಿ ನಿಂತು, 'ನೀವೇ ಅದೃಷ್ಟಶಾಲಿ' ಎಂದವು.

ಕೂಟದ ಕಾರ್ಯದರ್ಶಿ ವಿಶಾಲಾಕ್ಷಿ ಆಂಟಿ ಬ್ರಿಸ್ಬೇನಿನವರು, ಸೇಂಟ್ ಲೂಸಿಯಾದಲ್ಲಿ ಮನೆ. ಫೋನು ಮಾಡಿದೆ.

"ನಮ್ಮಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲೇ. ಎಳ್ಳು ಬೀರೋ ಫೋಟೋ ಎಲ್ಲಾ ಇದೆ. ನಿಮ್ಮ ಪರ್ತಿನ ಇಂಟರ್ನೆಟ್ಟೇ ಸರಿ ಇಲ್ಲ ಬಿಡು."

ಅಡಿಲೇಡಿಗೆ ಮಾಡಿದೆ. ನಟರಾಜ್ ಅಂಕಲ್ ಹೇಳಿದರು: "ಇಲ್ಲಿ ಏನೂ ಕಾಣ್ತಿಲ್ಲಮ್ಮ, ಬರೀ ಬಿಳೀ. ನಾನು ಆಗ್ಲೇ ಅಂದ್ಕೊಂಡೆ, ಬ್ರಿಸ್ಬೇನ್‌ನೋರು ಏನೋ ಕಿತಾಪತಿ ಮಾಡಿದ್ದಾರೆ."

ಒಂದೇ ಹೆಸರು, ಮೂರು ಊರಿನಲ್ಲಿ ಮೂರು ದರ್ಶನ. ಇದರಲ್ಲಿ ಪವಾಡವೇನೂ ಇಲ್ಲ. ನಾವು ಹೆಸರು ಟೈಪು ಮಾಡಿದಾಗ, ಅದರ ಮನೆ ಎಲ್ಲಿ ಎಂದು ಕಂಪ್ಯೂಟರು ಯಾರನ್ನೋ ಕೇಳುತ್ತದೆ, ಅವರು ಇನ್ಯಾರನ್ನೋ ಕೇಳುತ್ತಾರೆ. ಬಂದ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು ಅದನ್ನೇ ಎಲ್ಲರಿಗೂ ಹೇಳುತ್ತಾರೆ. ಯಾರೋ ಮೂಲದಲ್ಲೇ ವಿಳಾಸ ಬದಲಿಸಿದ್ದರು. ಪರ್ತಿಗೆ ಹೊಸ ಸುಳ್ಳು ತಲುಪಿತ್ತು, ಬ್ರಿಸ್ಬೇನ್ ಹಳೆಯ ನೆನಪಿನಲ್ಲೇ ಇತ್ತು, ಅಡಿಲೇಡ್ ಎರಡರ ಮಧ್ಯೆ ಸಿಕ್ಕಿಕೊಂಡಿತ್ತು. ಇದನ್ನು ವಿವರಿಸುವಷ್ಟರಲ್ಲಿ ಮೂರೂ ಊರಿನ ವಾಟ್ಸಾಪ್ ಗುಂಪಿನಲ್ಲಿ ಗಡಿ ವಿವಾದ ಶುರುವಾಗಿತ್ತು.

ಮರುದಿನದ ಹೊತ್ತಿಗೆ ಚೆರ್ರಿಗಳು ಮೂರೂ ಊರು ತಲುಪಿ, ರಾಷ್ಟ್ರೀಯ ಏಕತೆ ಸಾಧಿಸಿದವು. ಅಷ್ಟರಲ್ಲಿ ಕಳ್ಳ ಕೂಟದ ಹೆಸರಿನಿಂದ ಎಲ್ಲರಿಗೂ ಮೇಲ್ ಕಳಿಸಿದ್ದ: ಸದಸ್ಯತ್ವ ನವೀಕರಿಸಿ, ಪಾಸ್‌ವರ್ಡ್ ಕೊಡಿ. ಅರ್ಧ ಜನ ಕೊಟ್ಟೂಬಿಟ್ಟರು. ಕೂಟದಿಂದ ಇಷ್ಟು ಶಿಸ್ತಾಗಿ ಯಾರೂ ಎಂದೂ ಜ್ಞಾಪಿಸಿರಲಿಲ್ಲವಂತೆ.

ನನಗೆ ಚೆರ್ರಿಯ ಚಿಂತೆ ಇರಲಿಲ್ಲ. ಚಿಂತೆ ನನ್ನ ಮಗಳು ಅದಿತಿಯದು.

ಅವಳಿಗೆ ಬ್ರಿಸ್ಬೇನಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಒಪ್ಪಿಗೆ ಕೊಡುವ ಲಿಂಕು ಇಮೇಲಿನಲ್ಲಿ ಬರುತ್ತದೆ, ಶುಕ್ರವಾರ ಬ್ರಿಸ್ಬೇನಿನ ಐದು ಗಂಟೆಯೊಳಗೆ ಒತ್ತಬೇಕು, ಒತ್ತದಿದ್ದರೆ ಸೀಟು ಬೇರೆಯವರಿಗೆ. ಆ ಇಮೇಲು ಹೋಗುವುದು ಕೂಟದ ವಿಳಾಸಕ್ಕೆ. ಕನ್ನಡ ಭಾಷಣದಲ್ಲಿ ಮೊದಲ ಬಹುಮಾನವೆಂದು ಅಂಕಲ್ ಅವಳಿಗೆ ಕೊಟ್ಟಿದ್ದ ವಿಳಾಸ ಅದು. ಅಪ್ಲಿಕೇಶನ್ನಿನಲ್ಲಿ ಅದನ್ನೇ ಹಾಕು, ನಮ್ಮತನ ಇರಲಿ ಎಂದದ್ದು ಉತ್ತಮ್. ಹೆಸರು ಯಾರ ಕೈಯಲ್ಲಿದೆಯೋ ಟಪಾಲೂ ಅವರಿಗೇ. ನಮ್ಮತನವೆಲ್ಲಾ ಈಗ ಜೂಜುಕೋರನ ಪೆಟ್ಟಿಗೆಗೆ ಬೀಳುತ್ತಿತ್ತು.

"ಫೋನ್ ಮಾಡಿ ಬೇರೆ ಇಮೇಲ್ ಕೊಡು," ಎಂದೆ.

"ಮಾಡ್ದೆ ಅಮ್ಮಾ. ಇಮೇಲ್ ಚೇಂಜ್ ಮಾಡೋಕೆ ದೇ ಸೆಂಡ್ ಎ ಕೋಡ್. ಟು ದಿ ಓಲ್ಡ್ ಇಮೇಲ್." ಅದಿತಿ ಸೋಫಾದ ಮೇಲೆ ಕಾಲು ಮಡಿಸಿ ಕೂತು ಉಗುರು ಕಚ್ಚುತ್ತಿದ್ದಳು. ಅವಳು ಉಗುರು ಕಚ್ಚುವುದು ಬಿಟ್ಟು ವರ್ಷಗಳಾಗಿದ್ದವು. "ಇಲ್ಲಾಂದ್ರೆ ಪೋಸ್ಟಲ್ಲಿ ಐಡಿ ಕಳಿಸ್ಬೇಕು. ಟೆನ್ ವರ್ಕಿಂಗ್ ಡೇಸ್. ಐ ವರ್ಕ್ಡ್ ಸೋ ಹಾರ್ಡ್, ಅಮ್ಮಾ."

ಹೆಸರು ಮಾರಿದ ಕಂಪನಿಗೆ ಫೋನು ಮಾಡಿದೆ. ಸಹಾಯವಾಣಿಯ ಹುಡುಗ ಬಹಳ ಸೌಜನ್ಯದವನು. "ಖಾತೆಯ ಒಡೆಯರೇ ಕರೆ ಮಾಡಿ ಎಲ್ಲಾ ಬದಲಿಸಿಕೊಂಡರಲ್ಲ ಮೇಡಂ. ಎಲ್ಲಾ ಗುಟ್ಟಿನ ಪ್ರಶ್ನೆಗಳಿಗೂ ತಡವರಿಸದೆ ಉತ್ತರ ಕೊಟ್ಟರು," ಎಂದ. ದನಿಯಲ್ಲಿ ಮೆಚ್ಚುಗೆ ಇತ್ತು. ದೂರು ಕೊಟ್ಟೆ. ಸದ್ಯಕ್ಕೆ ಯಾರೂ ಏನೂ ಬದಲಿಸದಂತೆ ಖಾತೆಗೆ ತಡೆ ಹಾಕಿದ. ಅಂದರೆ ಟಪಾಲು ಕಳ್ಳನಿಗೆ ಹೋಗುವುದೂ ಬದಲಾಗದಂತೆ ಭದ್ರವಾಯಿತು.

ನಿಜವಾದ ಒಡೆಯರನ್ನು ಸೇರಿಸಿ ಮತ್ತೆ ಕರೆ ಮಾಡಿದೆ. ವಿಶಾಲಾಕ್ಷಿ ಆಂಟಿಯೂ ಸೇರಿಕೊಂಡರು. ಕೂಟದ ಯಾವ ಕರೆಯೂ ಮೂವರಿಗಿಂತ ಕಡಿಮೆ ಜನಕ್ಕೆ ನಡೆಯುವುದಿಲ್ಲ.

ಹುಟ್ಟಿದ ಊರು ಯಾವುದು ಎಂದು ಹುಡುಗ ಕೇಳಿದ.

"ಮೈಸೂರು," ಎಂದರು ಅಂಕಲ್, ಎದೆಯುಬ್ಬಿಸಿದ್ದು ಫೋನಿನಲ್ಲೇ ಕೇಳಿಸಿತು.

ತಪ್ಪು ಎಂದ ಹುಡುಗ.

"ನಾನೆಲ್ಲಿ ಹುಟ್ಟಿದೆ ಅಂತ ಇವನಿಗೇನ್ರೀ ಗೊತ್ತು?"

"ಕೊಳ್ಳೇಗಾಲ ಅಲ್ವಾ ನಟರಾಜ್‌ರೇ," ಆಂಟಿ ಪಿಸುಗುಟ್ಟಿದರು, "ನಿಮ್ಮ ತಾಯಿ ತವರು. ನೀವೇ ಹೇಳಿ ಬರೆಸಿದ್ರಲ್ಲ."

"ಚೊಚ್ಚಲ ಹೆರಿಗೆಗೆ ಹೋಗಿದ್ರು ಕಣ್ರೀ, ಅಷ್ಟೇ. ಊರು ಅಂದ್ರೆ ಮೈಸೂರು!"

ಪಿಸುಗುಟ್ಟಿದ್ದನ್ನು ಉತ್ತರವೆಂದು ಪರಿಗಣಿಸಲಾಗುವುದಿಲ್ಲ ಎಂದ ಹುಡುಗ. ಮೊದಲ ಶಾಲೆಯ ಪ್ರಶ್ನೆಗೆ ಅಂಕಲ್ ಹೆಸರಾಂತ ಹೈಸ್ಕೂಲನ್ನು ಹೇಳಿದರು. ನಾಯಿಯ ಪ್ರಶ್ನೆಗೆ, ಯಾವ ನಾಯಿ ಎಂದು ಮರುಪ್ರಶ್ನೆ ಹಾಕಿದರು. ಮೂರು ಸಲ ತಪ್ಪಿದ್ದಕ್ಕೆ, ನಟರಾಜ್ ಅವರು ನಟರಾಜ್ ಅಲ್ಲವೆಂದು ತೀರ್ಮಾನವಾಯಿತು. ಪಾಸ್‌ಪೋರ್ಟ್ ಕಳಿಸಿದರು. ಅದರಲ್ಲಿ ಊರು, ತಂದೆ ಎಲ್ಲಾ ಸೇರಿ ಅವರ ಹೆಸರು ಒಂದು ಸಾಲು ಉದ್ದವಿತ್ತು. ಖಾತೆಯಲ್ಲಿ ಎರಡು ಇನಿಷಿಯಲ್ಲು. ಇವರೂ ಅವರೂ ಒಂದೇ ಎಂದು ಒಪ್ಪಲು ಕಂಪನಿ ಸಿದ್ಧವಿರಲಿಲ್ಲ. ಖಚಿತಪಡಿಸಿಕೊಳ್ಳಲು ಒಂದು ಮೇಲ್ ಕಳಿಸಿತು, ಖಾತೆಗೆ ಅಂಕಲ್ ಕೊಟ್ಟಿದ್ದ ವಿಳಾಸಕ್ಕೆ. ಅದೂ ಕೂಟದ್ದೇ. ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಒಳಗೇ ಜೋಪಾನವಾಗಿಟ್ಟಿದ್ದರು.

ಹಾಗಾದರೆ ಕಳ್ಳನಿಗೆ ಎಲ್ಲಾ ಹೇಗೆ ಗೊತ್ತಾಯಿತು? ಯೂಟ್ಯೂಬ್ ತೆರೆದ ಮೇಲೆ ತಿಳಿಯಿತು. ಹಿಂದಿನ ನವೆಂಬರಿನಲ್ಲಿ ಅಂಕಲ್‌ಗೆ ಸನ್ಮಾನವಾಗಿತ್ತು. ಸನ್ಮಾನವೆಂದಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮತ್ತು ಹುಟ್ಟಿನಿಂದ ಶುರುವಾಗುವ ಸನ್ಮಾನ ಪತ್ರ. ಕೊಳ್ಳೇಗಾಲದ ಅಜ್ಜಿಮನೆ, ಅಗಸೆಬಾಗಿಲಿನ ಪ್ರೈಮರಿ ಶಾಲೆ, ಮಾತೃಶ್ರೀಯವರ ತವರಿನ ಮನೆತನ, ಬಾಲ್ಯದ ಸಂಗಾತಿ ಡೂಮಾ ಎಂಬ ನಾಯಿ, ಒಂದನ್ನೂ ಬಿಡದೆ ಆಂಟಿ ಗದ್ಗದಿತರಾಗಿ ಓದಿದ್ದರು. ಎರಡನೇ ತಲೆಮಾರಿಗೆ ಅರ್ಥವಾಗಲೆಂದು ಇಂಗ್ಲಿಷ್ ಅಡಿಬರಹ ಬೇರೆ ಹಾಕಿಸಿದ್ದರು. ಎರಡನೇ ತಲೆಮಾರು ನೋಡಲಿಲ್ಲ. ಕಳ್ಳ ಕೊನೆಯವರೆಗೂ ನೋಡಿದ್ದ.

ಬುಧವಾರ ಕಂಪನಿಯ ಮೇಲಧಿಕಾರಿಯೊಬ್ಬಳು ಒಂದು ದಾರಿ ತೋರಿಸಿದಳು. ವ್ಯಕ್ತಿಯನ್ನು ನಂಬಲಾಗದಿದ್ದರೂ ಸಂಸ್ಥೆಯನ್ನು ನಂಬಬಹುದಂತೆ. ಕೂಟ ನೋಂದಾಯಿತ ಸಂಸ್ಥೆ, ಪತ್ರವಿದೆ. ಈ ಹೆಸರಿನ ಮೇಲೆ ನನಗೆ ಹಕ್ಕಿಲ್ಲ, ಇದು ಕೂಟದ್ದು ಎಂದು ಅಂಕಲ್ ಸಹಿ ಹಾಕಿ ಕೊಟ್ಟರೆ ನೇರ ಕೂಟಕ್ಕೆ ಕೊಡುತ್ತಾರೆ. ಅಂದರೆ ಅವರು ೨೦೧೧ರಲ್ಲಿ ಕೊಟ್ಟ ಮಾತನ್ನು ನಡೆಸಿದರೆ ಸಾಕು.

"ಖಂಡಿತ," ಎಂದರು ಅಂಕಲ್. "ಮಾತು ಕೊಟ್ಟಿದ್ದು ವೇದಿಕೆ ಮೇಲೆ, ನಡೆಸೋದೂ ವೇದಿಕೆ ಮೇಲೆ. ನವೆಂಬರ್ ಬರಲಿ."

"ಅಂಕಲ್, ನವೆಂಬರ್‌ವರೆಗೂ ಅದಿತಿ ಸೀಟು ಕಾಯಲ್ಲ. ನಾಡಿದ್ದು ಶುಕ್ರವಾರ ಕೊನೆ."

ಈ ಸಲ ಅವರ ದನಿ ಮೈಕಿನದಾಗಿರಲಿಲ್ಲ. "ಹಾಗಲ್ಲಮ್ಮ ವನಜಾ. ಕಳ್ಳತನ ಆದ ವಾರಾನೇ ಸದ್ದಿಲ್ದೆ ನನ್ನ ಹೆಸರು ತೆಗೆದ್ರೆ ಜನ ಏನಂತಾರೆ? ಮುದುಕನ್ನ ಕಿತ್ತುಹಾಕಿದ್ರು ಅಂತಾರೆ. ಮಕ್ಕಳ ಹಾಗೆ ನೋಡ್ಕೊಂಡಿದ್ದೀನಿ ಆ ಹೆಸರನ್ನ."

ಮಕ್ಕಳನ್ನು ನಾನೂ ನೋಡಿಕೊಂಡಿದ್ದೇನೆ ಎನ್ನಬೇಕೆನಿಸಿತು. ನವೆಂಬರನ್ನು ಜನವರಿಗೆ ತರಲಾಗುವುದಿಲ್ಲ. ವೇದಿಕೆಯನ್ನು ತರಬಹುದು.

"ನಾಳೆ ಮಧ್ಯಾಹ್ನ ನಿಮ್ಮನೆ ಹಿತ್ತಲಲ್ಲೇ ಸನ್ಮಾನ ಇಟ್ಕೊಳ್ಳೋಣ ಅಂಕಲ್. ಮೂರೂ ಊರಿಗೆ ಲೈವ್."

"ಶಾಲು?" ಎಂದರು ತಕ್ಷಣ.

ಶಾಲು ಅವರದೇ ಕಪಾಟಿನಿಂದ ಬಂತು. ಹಿಂದಿನ ಸನ್ಮಾನಗಳದು ಒಂದು ರಾಶಿಯೇ ಇತ್ತಂತೆ. ಅವರ ಹೆಂಡತಿ ಗೀತಾ ಆಂಟಿ, "ಮನೇಲಿ ದಿನಾ ಮಾಡ್ತಿರೋ ಸನ್ಮಾನ ಸಾಲ್ದಾ ಇವರಿಗೆ," ಎನ್ನುತ್ತಲೇ ಬಾರ್ಬೆಕ್ಯೂ ಒಲೆಯನ್ನು ಪಕ್ಕಕ್ಕೆ ತಳ್ಳಿ ಪ್ಲಾಸ್ಟಿಕ್ ಕುರ್ಚಿಗೆ ಜಮಖಾನ ಹಾಸಿದರು. ಅಡಿಲೇಡಿನ ಒಂದಷ್ಟು ಜನ ಬಿಸಿಲಿನಲ್ಲಿ ಕೂತರು, ಉಳಿದವರು ಸ್ಕ್ರೀನಿನಲ್ಲಿ. ವಿಶಾಲಾಕ್ಷಿ ಆಂಟಿ ಬರೆದ ಹೊಸ ಸನ್ಮಾನ ಪತ್ರವನ್ನು ಮೊದಲು ನಾನು ತಿದ್ದಿ ಕೊಟ್ಟಿದ್ದೆ. ಅವರು ಮುಖ ಸಿಂಡರಿಸಿಕೊಂಡು ಓದಿದರು:

"ಶ್ರೀಯುತರು ಒಂದು ಊರಿನಲ್ಲಿ, ಒಬ್ಬ ಮಹಾತಾಯಿಯ ಉದರದಲ್ಲಿ ಜನಿಸಿದರು. ಒಂದು ಶಾಲೆಯಲ್ಲಿ ಓದಿದರು. ಮನೆಯಲ್ಲಿ ನಾಯಿ ಇತ್ತೋ ಇಲ್ಲವೋ ತಿಳಿದುಬಂದಿಲ್ಲ..."

"ಇದೇನ್ರೀ, ಅನಾಥನ ಪರಿಚಯ ಇದ್ದಹಾಗಿದೆ," ಎಂದರು ಅಂಕಲ್. ಆದರೆ ಶಾಲು ಹೊದಿಸಿದ ಮೇಲೆ ಕಣ್ಣು ಒರೆಸಿಕೊಂಡರು. ಸಿದ್ಧಾರ್ಥ ತ್ಯಾಗ ಮಾಡಿದಾಗಲೂ ಅಷ್ಟು ಹೊತ್ತು ಮಾತಾಡಿರಲಾರ, ಅಷ್ಟು ಹೊತ್ತು ಮಾತಾಡಿದರು. ಆಮೇಲೆ ಸಹಿ ಹಾಕಿದರು.

ಶುಕ್ರವಾರ ಬೆಳಿಗ್ಗೆ ಹೆಸರು ಬಿಡುಗಡೆಯಾಯಿತು. ಆಫೀಸಿಗೆ ರಜೆ ಹಾಕಿ ವಿಳಾಸಗಳನ್ನೆಲ್ಲಾ ಸರಿಪಡಿಸಿದೆ. ಅದಿತಿ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿ ಲಿಂಕನ್ನು ಮತ್ತೆ ಕಳಿಸಿ ಎಂದಳು. ಕಳಿಸಿದರು, ಬರಲಿಲ್ಲ. ಅವರ ಯಂತ್ರ ಇನ್ನೂ ಕಳ್ಳನ ವಿಳಾಸವನ್ನೇ ನೆನಪಿಟ್ಟುಕೊಂಡಿತ್ತು. ಅದು ಮರೆಯುವವರೆಗೂ ಕಾಯುವುದೊಂದೇ ಉಪಾಯ. ಊಟ ಮಾಡೆಂದರೆ ಅವಳು ಮಾಡಲಿಲ್ಲ, ನಾನೂ ಮಾಡಲಿಲ್ಲ. ಬ್ರಿಸ್ಬೇನಿನ ಐದು ಎಂದರೆ ನಮಗೆ ಮೂರು. ಎರಡೂವರೆಗೆ ಮತ್ತೆ ಕಳಿಸಿ ಎಂದು ಬೇಡಿಕೊಂಡಳು.

"ಅಮ್ಮಾ. ಅಮ್ಮಾ! ಬಂತು."

ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲೇ ಕೂಗಿದಳು. ಒತ್ತಿದಳು. ಅದೇ ಉಸಿರಿನಲ್ಲಿ ಇಮೇಲು ವಿಳಾಸವನ್ನು ಬದಲಿಸಿ ಎಲ್ಲರೂ ಬಳಸುವ ಮಾಮೂಲಿ ವಿಳಾಸ ಹಾಕಿಕೊಂಡಳು. ನಮ್ಮತನ ಅಲ್ಲಿಗೆ ಮುಗಿಯಿತು. ಇದ್ದೊಬ್ಬ ಮಗಳು ಮನೆ ಬಿಟ್ಟು ದೇಶದ ಆ ತುದಿಗೆ ಹೋಗಲೆಂದು ನಾನು ವಾರವಿಡೀ ಹೋರಾಡಿದ್ದೆ ಅನ್ನುವುದು ಆಗ ಹೊಳೆಯಿತು. ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ.

ಸಂಜೆ ಸೈಟಿನಿಂದ ಉತ್ತಮ್ ಫೋನು ಮಾಡಿ, "ಏನ್ ವಿಶೇಷ?" ಎಂದರು.

ವರ್ಷಗಟ್ಟಲೆ ಚಪ್ಪಾಳೆ ತಟ್ಟಿ ನಾವು ಮಾಡಿಸಲಾಗದ್ದನ್ನು ಒಬ್ಬ ಕಳ್ಳ ಒಂದೇ ವಾರದಲ್ಲಿ ಮಾಡಿಸಿದ್ದ. ಅವನಿಗೊಂದು ಶಾಲು ಹೊದಿಸಬೇಕೆಂದು ಯಾರೂ ಸೂಚಿಸಲಿಲ್ಲ.

ಹೆಸರು ಈಗ ಕೂಟದ ಹೆಸರಿನಲ್ಲಿದೆ. ನಟರಾಜ್ ಅಂಕಲ್ ಕೊಟ್ಟ ಮಾತು ನಡೆಸಿದರು.