ಹಸಿದ ಮೀನಿನ ಪಂಜರ

"ಇನ್ನೊಂದ್ಸಲ ಬೊಗಳು, ದರಿದ್ರದವಳೇ. ಈ ಪಂಜರ ಯಾರದು?"

"ನಂದು."

"ಹೆಣ ಎದ್ದು ಮಾತಾಡಿದ ಹಾಗೆ ಆಡ್ಬೇಡ್ವೇ. ಸ್ವಲ್ಪ ಹಲ್ಲು ಕಾಣಿಸು. ಸಾಹೇಬ್ರು ಫೋಟೋ ತೆಗೀತಾರೆ."

ಅವಳು ಹಲ್ಲು ಕಾಣಿಸಿದಳು. ಒಡೆಯ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅವಳು ನೀರಿನ ಮೇಲೆ, ಖಾಲಿ ಡ್ರಮ್ಮುಗಳಿಗೆ ಬಿಗಿದು ತೇಲಿಬಿಟ್ಟ ಬಿದಿರಿನ ಅಟ್ಟದಲ್ಲಿ ನಿಂತಿದ್ದಳು. ದಂಡೆಗೂ ಅಟ್ಟಕ್ಕೂ ನಡುವೆ ಒಂದೇ ಹಲಗೆ. ಕಾಲ ಕೆಳಗಿನ ಬಲೆಯೊಳಗೆ ಮೀಸೆಮೀನುಗಳು. ಅದಕ್ಕೂ ಕೆಳಗೆ, ಕೆಸರಿನಲ್ಲಿ, ಅವಳ ಗದ್ದೆ.

ಸಮುದ್ರ ವರ್ಷವರ್ಷವೂ ಇಷ್ಟಿಷ್ಟೇ ಒಳಗೆ ಬಂದಿತ್ತು. ಗದ್ದೆ ಮೊದಲು ಉಪ್ಪಾಯಿತು, ಆಮೇಲೆ ಮುಳುಗಿತು. ನೆಲ ಹೋದವರು ನೀರಿನ ಮೇಲೆ ಬದುಕಲಿ ಎಂದು ಸರಕಾರ ಮನೆಗೊಂದು ಮೀನು ಸಾಕುವ ಪಂಜರ ಕೊಟ್ಟಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಪಂಜರಗಳು ಬಂದ ದಿನವೇ ಒಡೆಯ ಅಷ್ಟನ್ನೂ ತನ್ನ ದಂಡೆಗೆ ಕಟ್ಟಿಸಿಕೊಂಡ. ಬೋರ್ಡಿನ ಮೇಲೆ ಹೆಸರು ಇವರದು, ಮೀನು ಅವನದು. ಇವರಿಗೆ ಉಳಿದದ್ದು ಮೇವು ಹಾಕುವ ಕೂಲಿ.

ಬಿರುಗಾಳಿಯ ದಿನ ಬಲೆ ಬಿಗಿದು ಬಾ ಎಂದು ಒಡೆಯ ಅವಳ ಗಂಡನನ್ನು ನೀರಿಗಿಳಿಸಿದ್ದ. ಅವನು ಮೇಲೆ ಬರಲಿಲ್ಲ. ಅಂದಿನಿಂದ ಅವಳಿಗೆ ಯಾರು ಏನಂದರೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಅಳುವೂ ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಮೀನಿನ ಮುಳ್ಳು ಚುಚ್ಚಿ ಕೈ ಊದಿಕೊಂಡರೆ, ಅದು ಯಾರದೋ ಕೈ ಎಂಬಂತೆ ನೋಡಿ ಮತ್ತೆ ಕೆಲಸಕ್ಕೆ ಹಚ್ಚುತ್ತಿದ್ದಳು.

ಪಂಜರ ನೋಡಲು ಬರುವ ಸರಕಾರಿ ಸಾಹೇಬರ ಎದುರು ಮೀನು ಹಾರಿ ಹಾರಿ ಮೇವು ಹಿಡಿಯಬೇಕು. ಅದಕ್ಕಾಗಿ ಅವರು ಬರುವ ಮುಂಚೆ ಮೇವು ನಿಲ್ಲಿಸುವುದು ಒಡೆಯನ ಪದ್ಧತಿ. ಈ ಸಲ ಸಾಹೇಬರು ನಾಳೆ, ನಾಡಿದ್ದು ಎಂದು ಮುಂದೂಡುತ್ತ ಹೋದರು. ಮೇವಿನ ಮೂಟೆ ಮಾತ್ರ ಬಿಚ್ಚಲಿಲ್ಲ. ಹಸಿದರೆ ಮೀಸೆಮೀನಿಗೆ ನೆಂಟಸ್ತಿಕೆ ಇಲ್ಲ. ದೊಡ್ಡದು ಚಿಕ್ಕದನ್ನು ತಿನ್ನುತ್ತದೆ. ಬಾಲ ಹೋದ ಮೀನು, ತಲೆ ಮಾತ್ರ ಉಳಿದ ಮೀನು ಬೆಳಿಗ್ಗೆ ಬಕೆಟ್ಟಿನ ತುಂಬ ಸಿಕ್ಕಿದ್ದವು.

"ಮಾವ, ಒಂದು ಬೊಗಸೆ ಹಾಕ್ಲಾ?" ಎಂದು ಅವಳು ಕೇಳಿದ್ದಳು. ಗಂಡನ ಅಪ್ಪ ಒಡೆಯನ ದೋಣಿ ನಡೆಸುವವನು.

"ಸುಮ್ನಿರವ್ವ. ಅವನನ್ನ ಕೇಳ್ದೆ ಇಲ್ಲಿ ಸೊಳ್ಳೇನೂ ಕಚ್ಚಲ್ಲ."

ಸಾಹೇಬ ಬಂದ. ಮೂಗಿಗೆ ಕರ್ಚೀಫು ಒತ್ತಿಕೊಂಡು ಹಲಗೆ ದಾಟಿದ. ಒಡೆಯ ಹಿಂದೆಯೇ ಬಂದ.

"ನಿಮ್ಮದೇ ಏನಮ್ಮಾ ಇದು?"

"ನಂದು."

ಸಾಹೇಬ ಒಂದು ಹಿಡಿ ಮೇವು ಎಸೆದ. ನೀರು ಕೊತಕೊತ ಕುದಿದಂತಾಯಿತು. ಮೀನುಗಳು ಒಂದರ ಮೇಲೊಂದು ಹಾರಿ ಬಾಯಿ ತೆರೆದವು. ಸಾಹೇಬ ಚಪ್ಪಾಳೆ ತಟ್ಟುವಷ್ಟರಲ್ಲಿ ಕೆಸರು ನೀರು ಅವನ ಬೂಟಿಗೆ ಸಿಡಿಯಿತು.

"ನಿಂತ್ಕೊಂಡು ನೋಡ್ತೀಯಲ್ಲೇ ಬೇವರ್ಸಿ, ಒರೆಸು!" ಎಂದ ಒಡೆಯ.

ಅವಳು ಕೂತು ಸೆರಗಿನಿಂದ ಒರೆಸಿದಳು. "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತ ಸಾಹೇಬ ಇನ್ನೊಂದು ಕಾಲನ್ನೂ ಮುಂದಿಟ್ಟ.

"ನಿಮ್ಮ ಯಜಮಾನ್ರು ಎಲ್ಲಮ್ಮಾ?"

"ಕುಡ್ದು ನೀರಿಗೆ ಬಿದ್ದ ಸಾರ್," ಎಂದ ಒಡೆಯ. "ಎಷ್ಟು ಬುದ್ಧಿ ಹೇಳಿದ್ರೂ ಈ ಜನ ಕೇಳಲ್ಲ."

ಅವಳ ಕೈ ಬೂಟಿನ ಮೇಲೆಯೇ ನಿಂತಿತು. ದಂಡೆಯಲ್ಲಿದ್ದ ಮಾವ ತನ್ನ ಕಾಲ್ಬೆರಳು ನೋಡುತ್ತಿದ್ದ. ಮಗ ಹೆಂಡದ ವಾಸನೆಗೇ ವಾಂತಿ ಮಾಡುವವನಾಗಿದ್ದ.

ಫೋಟೋ ಮುಗಿಯಿತು. ಮಾವನೊಬ್ಬನನ್ನು ಬಿಟ್ಟು ಆಳುಗಳೆಲ್ಲ ಸಾಹೇಬನ ಹಿಂದೆ ಕಾರಿನವರೆಗೆ ಹೋದರು. ಒಡೆಯ ದಂಡೆಗೆ ಮರಳಿ, ಕುರ್ಚಿಯಲ್ಲಿ ಕೂತು ಕಾಲು ಚಾಚಿದ.

"ಇಳಿದು ಬಾ. ಮೇವು ಮುಟ್ಬೇಡ. ನಾಳೆ ಇನ್ನೊಂದು ತಂಡ ಬರುತ್ತೆ."

ಅವಳು ಬಲೆಯೊಳಗೆ ನೋಡಿದಳು. ಉಳಿದ ಸಣ್ಣ ಮೀನುಗಳು ಮೂಲೆಯಲ್ಲಿ ಬಲೆಗೆ ಅಂಟಿಕೊಂಡು ಒತ್ತಾಗಿ ನಿಂತಿದ್ದವು. ಎದೆಯಲ್ಲಿ ಏನೋ ಉರಿಯಿತು. ಎಷ್ಟೋ ಕಾಲದ ಮೇಲೆ ಬಂದ ಸಿಟ್ಟು, ತಕ್ಷಣಕ್ಕೆ ಗುರುತೇ ಸಿಗಲಿಲ್ಲ.

ಹಲಗೆಯ ತುದಿ ಹಿಡಿದು ಅಟ್ಟದ ಮೇಲಕ್ಕೆ ಎಳೆದುಕೊಂಡಳು. ಮೂಟೆಯ ಬಾಯಿ ಹರಿದಳು. ಬೊಗಸೆ ಬೊಗಸೆಯಾಗಿ ಸುರಿಯತೊಡಗಿದಳು.

"ಏಯ್! ಯಾರನ್ನ ಕೇಳಿ ಹಾಕ್ತಿದ್ದೀಯೇ?"

"ಪಂಜರ ಯಾರದು, ಒಡೆಯಾ?"

"ಏನಂದೆ ರಂಡೆ?"

"ನೀವೇ ಬಾಯಿಪಾಠ ಮಾಡಿಸಿದ್ರಲ್ಲ. ನಂದು." ಅವಳು ಮತ್ತೊಂದು ಬೊಗಸೆ ಸುರಿದಳು. "ನನ್ನ ಗಂಡ ಕುಡೀತಿರ್ಲಿಲ್ಲ."

ಒಡೆಯ ನೀರಿನಂಚಿನವರೆಗೆ ಓಡಿ ಅಲ್ಲೇ ನಿಂತ. ಈಜು ಬಾರದವನು.

"ಏ ಮುದುಕಾ! ಬಾಯಲ್ಲಿ ಏನಿಟ್ಕೊಂಡಿದ್ದೀಯೋ? ದೋಣಿ ತೆಗಿ. ಅವಳ ಜುಟ್ಟು ಹಿಡಿದು ಎಳ್ಕೊಂಡು ಬಾ."

"ಆಯ್ತು ಒಡೆಯಾ," ಎಂದು ಮಾವ ಎದ್ದ. ಜೀವಮಾನವಿಡೀ ಹೇಳಿದ ಮಾತೇ ಅದು. ಮೆಲ್ಲಗೆ ಹೋಗಿ ದೋಣಿಯ ಹಗ್ಗ ಬಿಚ್ಚಿದ. ದೋಣಿ ತಳ್ಳುವ ಉದ್ದನೆಯ ಗಳ ಕೈಗೆತ್ತಿಕೊಂಡ. ಆದರೆ ದೋಣಿ ಹತ್ತಲಿಲ್ಲ. ಗಳದ ತುದಿಯನ್ನು ಅದರ ಪಕ್ಕೆಗೆ ಆನಿಸಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ನೂಕಿದ. ಇಳಿತದ ನೀರು ಖಾಲಿ ದೋಣಿಯನ್ನು ಸಮುದ್ರದ ಕಡೆಗೆ ಎಳೆದುಕೊಂಡು ಹೊರಟಿತು.

ಮಾವ ತಿರುಗಿ ಒಡೆಯನ ಹತ್ತಿರ ಬಂದ. ಗಳ ಇನ್ನೂ ಕೈಯಲ್ಲೇ ಇತ್ತು.

"ದೋಣಿ ಹೋಯ್ತು, ಒಡೆಯಾ," ಎಂದ.